ಪರದೇಶದ ಪಂಕ್ತಿಯಲ್ಲಿ ಸತಿಪತಿಗಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆ ನಮ್ಮಲ್ಲಿ ಮನೆಮನೆಗೂ ತಿಳಿದದ್ದು. ಸುತ್ತಿದ ದೇಶದಲ್ಲಿ ಉಣ್ಣುವುದೇನು ಎಂಬುದನ್ನು ಮಾತ್ರ ಆ ಗಾದೆ ಹೇಳುವುದಿಲ್ಲ. ಶಾಕಾಹಾರದ ನೇಮವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದ ಮನೆತನಗಳ ಹಿರಿಯರು ಮಕ್ಕಳ ನೌಕರಿಯ ನಿಮಿತ್ತವಾಗಿ ಕಡಲಾಚೆಗೆ ಹೋಗಿಬರುವುದು ಇಂದು ಸಾಮಾನ್ಯವಾಗಿದೆ. ಅವರಲ್ಲಿ ಬಹುಮಂದಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿಗಳ ಗಂಟನ್ನು ಕಟ್ಟಿಕೊಂಡು ಹೋಗಿ, ಆ ಗಂಟು ಕರಗುವುದರೊಳಗೆ ಮರಳಿ ಬರುತ್ತಾರೆ. ಆ ನಾಡಿನ ಊಟದ ಮನೆಯ ಹೊಸ್ತಿಲನ್ನು ತುಳಿಯದೆಯೇ ಬಂದವರೂ ಉಂಟು. ಅದನ್ನು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ನೇಮವನ್ನು ಬಿಡದೆ, ಬಡಿಸುವವರ ಮನಸ್ಸನ್ನೂ ನೋಯಿಸದೆ, ಗಂಡಹೆಂಡಿರಿಬ್ಬರೂ ಗೌರವದಿಂದ ಕುಳಿತು ಉಂಡು ಬರಲು ಸಾಧ್ಯವೇ ಎಂಬುದು ವಿಚಾರಿಸತಕ್ಕ ವಿಷಯವೇ ಸರಿ. ೨೦೨೩ರ ಕಾರ್ತಿಕ ಮಾಸದಲ್ಲಿ ಜಪಾನಿನ ಟೋಕಿಯೊದಲ್ಲಿಯೂ, ೨೦೨೫ರ ಭಾದ್ರಪದದಲ್ಲಿ ಫ್ರಾನ್ಸಿನ ಪ್ಯಾರಿಸ್ಸಿನಲ್ಲಿಯೂ ಇದನ್ನು ಕಂಡುಕೊಳ್ಳುವ ಅವಕಾಶ ನಮ್ಮಿಬ್ಬರಿಗೆ ಒದಗಿತು. ಕಂಡದ್ದನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಸುಶಿಯ ಮೂಲ

ಸುಶಿ ಎಂದೊಡನೆ ನಮ್ಮವರು ಹಸಿ ಮೀನು ಎಂದು ತಿಳಿದು ಮುಖ ತಿರುಗಿಸುತ್ತಾರೆ. ವಾಸ್ತವದಲ್ಲಿ ಆ ಶಬ್ದದ ಮೂಲಾರ್ಥ ‘ಹುಳಿಯಾದದ್ದು’ ಎಂದು. ಹುಳಿ ಬೆರೆಸಿದ ಅನ್ನವೇ ಸುಶಿಯ ಜೀವಾಳ. ಅದರ ಮೇಲೆ ಇಡುವ ಪದಾರ್ಥ ಬದಲಾಗಬಹುದು, ಅನ್ನ ಮಾತ್ರ ಬದಲಾಗದು.

ಇದರ ಚರಿತ್ರೆ ಕುತೂಹಲಕರವಾಗಿದೆ. ಮೀನನ್ನು ಬಹುಕಾಲ ಕೆಡದಂತೆ ಇಡಲು ಪ್ರಾಚೀನರು ಅದಕ್ಕೆ ಉಪ್ಪು ಹಚ್ಚಿ ಅನ್ನದಲ್ಲಿ ಹುಗಿದು ತಿಂಗಳುಗಟ್ಟಲೆ ಇಡುತ್ತಿದ್ದರು. ಅನ್ನ ಹುದುಗಿ ಹುಳಿಯಾಗುತ್ತಿತ್ತು. ಆ ಹುಳಿಯೇ ಮೀನನ್ನು ಕಾಯುತ್ತಿತ್ತು. ಉಣ್ಣುವಾಗ ಅನ್ನವನ್ನು ಎಸೆದುಬಿಡುತ್ತಿದ್ದರು. ಬಿವಾ ಸರೋವರದ ತೀರದಲ್ಲಿ ಈ ಹಳೆಯ ಪದ್ಧತಿ ಇಂದಿಗೂ ಉಳಿದಿದೆ. ಕಾಲಾಂತರದಲ್ಲಿ ಎಸೆಯುತ್ತಿದ್ದ ಅನ್ನವೇ ರುಚಿಯೆನಿಸಿತು. ತಿಂಗಳುಗಟ್ಟಲೆ ಕಾಯುವ ಬದಲು ಅಕ್ಕಿಯಿಂದ ತಯಾರಿಸಿದ ಹುಳಿರಸವನ್ನು ಬೆರೆಸಿ ಅಂದೇ ಸಿದ್ಧಪಡಿಸುವ ರೂಢಿ ಬಂದಿತು. ಇಂದಿನ ಟೋಕಿಯೊ ಆಗ ಎಡೊ ಎಂಬ ಹೆಸರಿನಿಂದ ಪ್ರಸಿದ್ಧವಾಗಿತ್ತು. ೧೮೨೦ರ ದಶಕದಲ್ಲಿ ಅಲ್ಲಿ ಹಾನಾಯಾ ಯೊಹೆಯ್ ಎಂಬ ಬಾಣಸಿಗನು ಅನ್ನವನ್ನು ಅಂಗೈಯಲ್ಲಿ ಒತ್ತಿ ಉಂಡೆ ಹಿಡಿದು ಕೊಡುವ ಬಗೆಯನ್ನು ಪ್ರಸಿದ್ಧಿಗೆ ತಂದನೆಂದು ಹೇಳುತ್ತಾರೆ. ಬೀದಿ ಬದಿಯ ಗೂಡಂಗಡಿಗಳಲ್ಲಿ ಕೂಲಿಕಾರರೂ ವ್ಯಾಪಾರಿಗಳೂ ನಿಂತಲ್ಲೇ ತಿಂದು ಹೋಗುತ್ತಿದ್ದ ತಿಂಡಿ ಅದು. ನಮ್ಮ ರೈತರು ಹೊಲಕ್ಕೆ ಒಯ್ಯುವ ಮೊಸರು ಬುತ್ತಿಯನ್ನು ನೆನೆದರೆ, ಹುಳಿ ಅನ್ನದ ಗುಟ್ಟು ನಮಗೆ ಅಪರಿಚಿತವಲ್ಲವೆಂದು ತಿಳಿಯುತ್ತದೆ.

೧೯೫೮ರಲ್ಲಿ ಒಸಾಕಾ ಪ್ರಾಂತದ ಶಿರಾಇಶಿ ಯೊಶಿಆಕಿ ಎಂಬವರು ಬಿಯರ್ ಕಾರ್ಖಾನೆಯೊಂದರಲ್ಲಿ ಸೀಸೆಗಳು ಚಲಿಸುವ ಪಟ್ಟಿಯ ಮೇಲೆ ಸಾಗುವುದನ್ನು ಕಂಡು, ತಮ್ಮ ಅಂಗಡಿಯಲ್ಲಿ ಸುಶಿಯ ತಟ್ಟೆಗಳನ್ನೂ ಹಾಗೆಯೇ ಸಾಗಿಸಿದರು. ಗಿರಾಕಿಗಳು ಕುಳಿತಲ್ಲಿಯೇ ಬೇಕಾದ ತಟ್ಟೆಯನ್ನು ಎತ್ತಿಕೊಳ್ಳುವರು. ಕೊನೆಗೆ ಖಾಲಿ ತಟ್ಟೆಗಳನ್ನು ಎಣಿಸಿ ಹಣ ತೆಗೆದುಕೊಳ್ಳುವರು. ೧೯೭೦ರ ಒಸಾಕಾ ವಿಶ್ವಪ್ರದರ್ಶನದ ತರುವಾಯ ಇದು ದೇಶದ ತುಂಬ ಹರಡಿತು. ಅಂಥ ಅಂಗಡಿ ಮಕ್ಕಳಿಗೆ ಸಂತೋಷ ಕೊಡುವಂಥದು. ನಾವು ಹೋದದ್ದು ಹಳೆಯ ಕ್ರಮದ ಅಂಗಡಿಗೆ.

ಹಲಗೆಯ ಮುಂದೆ

ನಮ್ಮ ಮಗಳ ಸಂಸಾರವಿರುವುದು ಟೋಕಿಯೊದ ನಿಶಿಕಸಾಯಿ ಎಂಬ ಭಾಗದಲ್ಲಿ. ಭಾರತೀಯ ಕುಟುಂಬಗಳು ಬಹುವಾಗಿ ನೆಲಸಿರುವ ಪ್ರದೇಶವದು; ಬೇಳೆ, ಗೋದಿಹಿಟ್ಟು, ಸಾಂಬಾರ ಪದಾರ್ಥಗಳಿಗೆ ಅಲ್ಲಿ ಕೊರತೆಯಿಲ್ಲ. ಆದರೂ ‘ಅಪ್ಪಾ, ಅವ್ವಾ, ಒಂದು ದಿನ ನೀವಿಬ್ಬರೂ ಈ ಊರಿನ ಊಟ ನೋಡಿ ಬರ್ರಿ’ ಎಂದು ಮಗಳು ಹಟ ಹಿಡಿದಳು. ಮೊದಲು ಕೇಳಿದ ಎರಡು ಅಂಗಡಿಯವರು ಮೀನಿಲ್ಲದೆ ತಮ್ಮಲ್ಲಿ ಬಡಿಸಲಾಗದೆಂದು ವಿನಯದಿಂದಲೇ ತಿಳಿಸಿದರು. ಮೂರನೆಯವರು ಒಪ್ಪಿದರು. ‘ಇವರು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ, ಮೀನಿನ ಕಟ್ಟನ್ನೂ ಒಲ್ಲರು, ಮದ್ಯ ಬೇಡ’ ಎಂದು ಮಗಳು ಜಪಾನೀ ಭಾಷೆಯಲ್ಲಿ ಒಂದು ಚೀಟಿ ಬರೆದು ನಮ್ಮ ಕೈಗಿತ್ತು, ಅಂಗಡಿಯ ಬಾಗಿಲವರೆಗೆ ಬಂದು ಬಿಟ್ಟುಹೋದಳು.

ಚೀಟಿಯಲ್ಲಿ ಕಟ್ಟಿನ ಮಾತನ್ನು ಸೇರಿಸಲು ಹೇಳಿದವರು ನಮ್ಮ ಮನೆಯವರು. ನಲವತ್ತು ವರ್ಷ ಅಡುಗೆಮನೆಯನ್ನು ನಡೆಸಿದವರಿಗೆ ಸಾರಿನ ರುಚಿ ಹೋಳಿನಲ್ಲಿಲ್ಲ, ಕಟ್ಟಿನಲ್ಲಿದೆ ಎಂಬುದು ಯಾರೂ ಹೇಳಿಕೊಡಬೇಕಾದ ಮಾತಲ್ಲ. ಜಪಾನಿನ ಅಡುಗೆಗೆ ಈ ಮಾತು ಅಕ್ಷರಶಃ ಸಲ್ಲುತ್ತದೆ. ಅಲ್ಲಿನ ‘ದಾಶಿ’ ಎಂಬ ಕಟ್ಟನ್ನು ಸಾಮಾನ್ಯವಾಗಿ ಒಣಗಿಸಿದ ಬೊನಿಟೊ ಮೀನಿನ ಸಿಪ್ಪೆಗಳಿಂದಲೂ ಕೊಂಬು ಎಂಬ ಸಮುದ್ರಸಸ್ಯದಿಂದಲೂ ತೆಗೆಯುತ್ತಾರೆ. ಸೋಯಾ ಹಿಟ್ಟಿನ ಸಾರು, ಬೇಯಿಸಿದ ಕಾಯಿಪಲ್ಯ ಇವೆಲ್ಲಕ್ಕೂ ಅದೇ ಆಧಾರ. ನೋಡಲು ಶುದ್ಧ ಕಾಯಿಪಲ್ಯವೆಂದು ತೋರಿದ್ದರಲ್ಲಿಯೂ ಮೀನಿನ ಅಂಶ ಅಡಗಿರಬಹುದು.

ಅಂಗಡಿಯಲ್ಲಿ ಇದ್ದದ್ದು ಎಂಟೇ ಆಸನ. ಉದ್ದನೆಯ ಮರದ ಹಲಗೆಯ ಈಚೆ ಉಣ್ಣುವವರು, ಆಚೆ ಬಾಣಸಿಗರು. ನಡುವೆ ಗೋಡೆಯಿಲ್ಲ, ಪರದೆಯಿಲ್ಲ. ಕುಳಿತೊಡನೆ ಕೈ ಒರಸಿಕೊಳ್ಳಲು ಬಿಸಿನೀರಿನಲ್ಲಿ ಹಿಂಡಿದ ವಸ್ತ್ರವನ್ನೂ ಹಸಿರು ಚಹವನ್ನೂ ತಂದಿಟ್ಟರು. ನಮ್ಮಷ್ಟೇ ವಯಸ್ಸಿನವರಂತೆ ಕಂಡ ಆ ಬಾಣಸಿಗರು ಚೀಟಿಯನ್ನು ಎರಡು ಸಲ ಓದಿದರು. ಅನಂತರ ಒಂದು ಡಬ್ಬಿಯನ್ನು ತೆರೆದು ಕಂದುಬಣ್ಣದ ಎಳೆಗಳನ್ನು ತೋರಿಸಿದರು. ಅದು ‘ಕಂಪ್ಯೊ’, ಎಂದರೆ ಸೋರೆಯ ಜಾತಿಯ ಕಾಯಿಯನ್ನು ಎಳೆಯಾಗಿ ಹೆರೆದು ಒಣಗಿಸಿ ಬೇಯಿಸಿದ್ದು. ನಾವು ತಲೆಯಾಡಿಸಬೇಕೆನ್ನುವಷ್ಟರಲ್ಲಿ ಅವರು ಮರದ ತುಂಡಿನಂತೆ ಗಟ್ಟಿಯಾಗಿ ಒಣಗಿದ ಮೀನೊಂದನ್ನು ಎತ್ತಿ ಹಿಡಿದು, ಡಬ್ಬಿಯತ್ತ ತೋರಿ, ಎರಡು ಕೈಗಳನ್ನೂ ಎದೆಯ ಮುಂದೆ ಕತ್ತರಿಯಾಗಿ ಹಿಡಿದರು. ಆ ಕಾಯಿ ಮೀನಿನ ಕಟ್ಟಿನಲ್ಲಿ ಬೆಂದದ್ದು, ನಿಮಗೆ ಸಲ್ಲದು ಎಂಬ ಅರ್ಥ ಭಾಷೆಯಿಲ್ಲದೆಯೇ ತಿಳಿಯಿತು. ಡಬ್ಬಿಯನ್ನು ಮುಚ್ಚಿ ಪಕ್ಕಕ್ಕೆ ಸರಿಸಿ ಹಲಗೆಯನ್ನೂ ಕತ್ತಿಯನ್ನೂ ತೊಳೆದು ಬಂದರು.

‘ಸುಳ್ಳು ಹೇಳೂದು ಅವರಿಗೆ ಎಷ್ಟು ಸುಲಭ ಇತ್ತು, ಹೇಳಲಿಲ್ಲ ನೋಡ್ರಿ’ ಎಂದರು ನಮ್ಮ ಮನೆಯವರು.

ಅನ್ನ ಬೇಯಿಸುವುದನ್ನು ಕಲಿಯಲು ಮೂರು ವರ್ಷ, ಉಂಡೆ ಹಿಡಿಯುವುದನ್ನು ಕಲಿಯಲು ಎಂಟು ವರ್ಷ ಎಂಬ ಮಾತು ಆ ವೃತ್ತಿಯವರಲ್ಲಿದೆ. ಹನ್ನೊಂದು ವರ್ಷದ ಕಲಿಕೆಯೆಂದರೆ ನಮ್ಮಲ್ಲಿ ಶಾಸ್ತ್ರಾಧ್ಯಯನಕ್ಕೆ ತಗಲುವ ಕಾಲ. ಕಾಯಕ ಯಾವುದಾದರೇನು, ಅದರಲ್ಲಿ ನಿಷ್ಠೆಯಿದ್ದರೆ ಅದು ಕೈಯಲ್ಲಿ ಕಾಣುತ್ತದೆ. ಸೌತೆಕಾಯಿಯ ಸುರುಳಿ, ಉಪ್ಪಿನಲ್ಲಿಟ್ಟ ಉಮೆ ಹಣ್ಣಿನ ಹುಳಿಯೊಡನೆ ಶಿಸೋ ಎಲೆಯ ಸುರುಳಿ, ಉಪ್ಪು ಹಚ್ಚಿ ಹದಗೊಳಿಸಿದ ಬದನೆಯ ಹೋಳನ್ನು ಹೊತ್ತ ಅನ್ನದ ಉಂಡೆ, ಬೆಣ್ಣೆಹಣ್ಣಿನ ಉಂಡೆ, ಹೀಗೆ ಒಂದೊಂದಾಗಿ ಬಂದವು. ನಡುನಡುವೆ ನಾಲಿಗೆಯನ್ನು ಹಸನುಗೊಳಿಸಲು ಶುಂಠಿಯ ಉಪ್ಪಿನಕಾಯಿ. ಎರಡು ಕಡ್ಡಿಗಳಿಂದ ತಿನ್ನಬೇಕೆಂಬ ಅಳುಕು ನಮಗಿತ್ತು. ಉಂಡೆ ಸುಶಿಯನ್ನು ಕೈಯಿಂದ ಎತ್ತಿ ತಿನ್ನುವುದು ಅಲ್ಲಿ ಹಳೆಯ, ಸಭ್ಯವಾದ ರೂಢಿಯೇ ಆಗಿದೆಯೆಂದು ಪಕ್ಕದವರನ್ನು ನೋಡಿ ತಿಳಿದು ಸಮಾಧಾನವಾಯಿತು.

ಆ ಹಲಗೆಯ ಮುಂದೆ ಇನ್ನೊಂದು ಕಟ್ಟಳೆಯಿದೆ. ಮುಂದಿಟ್ಟ ತುಂಡನ್ನು ಆಗಲೇ ತಿನ್ನಬೇಕು. ಅನ್ನ ಆರಿದರೆ, ಸುರುಳಿಯ ಹೊರಗಿನ ಸಮುದ್ರಸಸ್ಯದ ಹಾಳೆ ಮೆತ್ತಗಾದರೆ, ಮಾಡಿದವರ ಶ್ರಮ ವ್ಯರ್ಥ. ನಮ್ಮ ಮನೆಯವರು ವಾಡಿಕೆಯಂತೆ ತಮ್ಮ ಮುಂದೆ ಬಂದ ಮೊದಲ ತುಂಡನ್ನು ನಮ್ಮತ್ತ ಸರಿಸಿದರು. ಬಾಣಸಿಗರು ಮುಗುಳ್ನಕ್ಕು, ನಮ್ಮ ಮುಂದೆ ಬೇರೊಂದನ್ನಿಟ್ಟು, ಆ ಮೊದಲನೆಯದನ್ನು ಮರಳಿ ಅವರತ್ತ ತೋರಿಸಿದರು. ಎರಡು ತುಂಡುಗಳಾದ ಮೇಲೆ ಅವರ ಪಾಲಿನ ಉಂಡೆಯನ್ನು ಕೊಂಚ ಚಿಕ್ಕದಾಗಿ ಹಿಡಿಯತೊಡಗಿದರು. ಅವರು ಅಗಿಯುವುದು ನಿಧಾನವೆಂದು ಗಮನಿಸಿದ್ದರು. ಇನ್ನೊಬ್ಬರ ಎಲೆಯನ್ನೇ ನೋಡುತ್ತ, ಯಾರಿಗೆ ಏನು ಬೇಕು, ಯಾರಿಗೆ ಸಾಕಾಯಿತು ಎಂದು ಕಾಯುತ್ತ ಆಯುಷ್ಯ ಕಳೆದವರ ಎಲೆಯನ್ನು ಆ ಹೊತ್ತು ಮತ್ತೊಬ್ಬರು ಕಾಯುತ್ತಿದ್ದರು.

ಜಪಾನಿನ ಶಾಕಾಹಾರ

ಶಾಕಾಹಾರವು ಜಪಾನೀಯರಿಗೆ ಹೊಸದೆಂದು ತಿಳಿಯಲಾಗದು. ಕ್ರಿ. ಶ. ೬೭೫ರಲ್ಲಿ ತೆಮ್ಮು ಚಕ್ರವರ್ತಿಯು ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ನಿಷೇಧಿಸಿ ಆಜ್ಞೆ ಹೊರಡಿಸಿದನು. ಮೀನು ಆ ಆಜ್ಞೆಯಿಂದ ಹೊರಗುಳಿಯಿತು. ಮುಂದೆ ಅನೇಕ ಶತಮಾನಗಳ ಕಾಲ ಮಾಂಸಭಕ್ಷಣೆಗೆ ಅಲ್ಲಿ ಗೌರವವಿರಲಿಲ್ಲ. ೧೮೭೨ರಲ್ಲಿ ಮೇಜಿ ಚಕ್ರವರ್ತಿಯು ದನದ ಮಾಂಸ ಸೇವಿಸಿದ ಸುದ್ದಿ ಪ್ರಕಟವಾದ ಮೇಲೆ ಆ ಭಾವನೆ ಸಡಿಲವಾಯಿತು. ಬೌದ್ಧ ವಿಹಾರಗಳಲ್ಲಿ ಮಾತ್ರ ‘ಶೋಜಿನ್ ರ್ಯೋರಿ’ ಎಂಬ ಶುದ್ಧ ಸಸ್ಯಾಹಾರ ಉಳಿದುಬಂದಿದೆ. ಅದರಲ್ಲಿ ಮಾಂಸ, ಮೀನುಗಳಲ್ಲದೆ ಈರುಳ್ಳಿ, ಬೆಳ್ಳುಳ್ಳಿಗಳೂ ವರ್ಜ್ಯ. ಕಟ್ಟನ್ನು ಕೊಂಬು ಮತ್ತು ಒಣ ಅಣಬೆಗಳಿಂದ ತೆಗೆಯುತ್ತಾರೆ. ಝೆನ್ ಗುರು ದೋಗೆನ್ ೧೨೩೭ರಲ್ಲಿ ವಿಹಾರದ ಅಡುಗೆಯವನ ಕರ್ತವ್ಯಗಳನ್ನು ಕುರಿತೇ ಒಂದು ಗ್ರಂಥ ರಚಿಸಿದನು. ಕೋಯಾ ಪರ್ವತದ ಮಂದಿರಗಳಲ್ಲಿ ಯಾತ್ರಿಕರು ಉಳಿದುಕೊಂಡು ಈ ಆಹಾರವನ್ನು ಸ್ವೀಕರಿಸುವ ವ್ಯವಸ್ಥೆಯಿದೆ. ಜಪಾನಿಗೆ ಹೋಗುವ ನಮ್ಮ ಬಂಧುಗಳು ಇದನ್ನು ನೆನಪಿನಲ್ಲಿಡುವುದು ಒಳಿತು.

ಕಟ್ಟಿನ ಹೆಸರೇ ಊಟದ ಮನೆಗೆ

ಪ್ಯಾರಿಸ್ಸಿನಲ್ಲಿ ಕಂಡ ಪದ್ಧತಿ ಇದಕ್ಕೆ ಪೂರ್ತಿ ಭಿನ್ನ. ಇಂದು ಜಗತ್ತೆಲ್ಲ ಬಳಸುವ ‘ರೆಸ್ಟೊರೆಂಟ್’ ಎಂಬ ಶಬ್ದ ಹುಟ್ಟಿದ್ದು ಆ ನಗರದಲ್ಲಿ. ಬಲಗುಂದಿದವರಿಗೆ ಮತ್ತೆ ಚೈತನ್ಯ ಕೊಡುವ ಮಾಂಸದ ಕಟ್ಟಿಗೆ ಮೊದಲು ಆ ಹೆಸರಿತ್ತು. ೧೭೬೦ರ ದಶಕದಲ್ಲಿ ಆ ಕಟ್ಟನ್ನು ಮಾರುವ ಮನೆಗಳು ಪ್ಯಾರಿಸ್ಸಿನಲ್ಲಿ ತೆರೆದುಕೊಂಡವು. ಕಟ್ಟಿನ ಹೆಸರು ಮನೆಗೂ ಅಂಟಿತು. ಬಂದವರಿಗೆ ಪ್ರತ್ಯೇಕ ಮೇಜು, ಬೇಕಾದುದನ್ನು ಆರಿಸಲು ಪಟ್ಟಿ, ಪದಾರ್ಥಕ್ಕೆ ತಕ್ಕ ಬೆಲೆ ಎಂಬ ಕ್ರಮ ಅಲ್ಲಿ ರೂಢವಾಯಿತು. ೧೭೮೯ರ ಮಹಾಕ್ರಾಂತಿಯ ತರುವಾಯ ಸರದಾರರ ಮನೆಗಳು ಮುರಿದು, ಅಲ್ಲಿ ದುಡಿಯುತ್ತಿದ್ದ ಅನೇಕ ಬಾಣಸಿಗರು ಬೀದಿಗೆ ಬಂದು ಸ್ವಂತ ಭೋಜನಗೃಹಗಳನ್ನು ತೆರೆದರು. ಅರಮನೆಯ ಪಾಕ ಹೀಗೆ ಹಣ ಕೊಟ್ಟವರೆಲ್ಲರ ಪಾಲಾಯಿತು.

ಪದಾರ್ಥಗಳನ್ನೆಲ್ಲ ಒಮ್ಮೆಗೇ ಮೇಜಿನ ಮೇಲೆ ಹರಡುವ ಬದಲು ಒಂದಾದ ಮೇಲೊಂದು ತರುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿ ರಷ್ಯದಿಂದ ಬಂದದ್ದು. ಓಗುಸ್ತ್ ಎಸ್ಕೊಫಿಯೆ ಎಂಬ ಬಾಣಸಿಗಶ್ರೇಷ್ಠನು ಅಡುಗೆಮನೆಯ ಕೆಲಸಗಳನ್ನು ಸೈನ್ಯದ ತುಕಡಿಯಂತೆ ಹಂಚಿ, ೧೯೦೩ರಲ್ಲಿ ಪಾಕಗ್ರಂಥವನ್ನೂ ಪ್ರಕಟಿಸಿದನು. ಯುನೆಸ್ಕೊ ಸಂಸ್ಥೆಯು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿ ಫ್ರೆಂಚರ ಭೋಜನಕ್ರಮವನ್ನು ೨೦೧೦ರಲ್ಲಿಯೂ, ಜಪಾನೀಯರ ಆಹಾರಪದ್ಧತಿಯನ್ನು ೨೦೧೩ರಲ್ಲಿಯೂ ಸೇರಿಸಿತು. ಫ್ರಾನ್ಸಿಗೆ ದೊರೆತ ಮನ್ನಣೆ ಒಂದು ಖಾದ್ಯಕ್ಕೆ ಸಂದದ್ದಲ್ಲ; ಮದುವೆ, ಜನ್ಮದಿನಗಳಂಥ ಸಂದರ್ಭದಲ್ಲಿ ಜನ ಒಟ್ಟಿಗೆ ಕುಳಿತು ಕ್ರಮವಾಗಿ ಉಣ್ಣುವ ಆಚರಣೆಗೆ ಸಂದದ್ದು. ಇದು ಗಮನಾರ್ಹ.

ಫ್ರಾನ್ಸಿನಲ್ಲಿ ದರಪಟ್ಟಿಯನ್ನು ಬಾಗಿಲ ಹೊರಗೇ ತೂಗುಹಾಕಬೇಕೆಂಬ ಕಾನೂನಿದೆ. ಒಳಗೆ ಹೋಗಿ ಮುಜುಗರಪಡುವ ಪ್ರಮೇಯವಿಲ್ಲ. ಸೇವಾಶುಲ್ಕ ಬೆಲೆಯಲ್ಲಿಯೇ ಸೇರಿದೆ. ಹೂಜಿಯಲ್ಲಿ ನಲ್ಲಿಯ ನೀರು ಕೇಳಿದರೆ ಬೆಲೆಯಿಲ್ಲದೆ ಕೊಡುತ್ತಾರೆ. ದ್ರಾಕ್ಷಾರಸ ಬೇಡವೆಂದರೆ ಯಾರೂ ಹುಬ್ಬೇರಿಸುವುದಿಲ್ಲ. ಹಿಟ್ಟು, ನೀರು, ಉಪ್ಪು, ಹುದುಗುಗಳಿಂದಾದ ಉದ್ದನೆಯ ಬ್ರೆಡ್ಡು ನಮ್ಮ ನೇಮಕ್ಕೆ ಸಲ್ಲುತ್ತದೆ.

ಎಚ್ಚರ ಬೇಕಾದುದು ಬೇರೆ ಕಡೆ. ಈರುಳ್ಳಿಯ ಸೂಪಿನ ಕಟ್ಟು ಸಾಮಾನ್ಯವಾಗಿ ದನದ ಎಲುಬಿನದು. ಹೆಸರಾಂತ ಫ್ರೆಂಚ್ ಚೀಸುಗಳಲ್ಲಿ ಬಹುಪಾಲಿಗೆ ಹಾಲು ಒಡೆಸಲು ಕರುವಿನ ಜಠರದಿಂದ ತೆಗೆದ ರೆನೆಟ್ಟನ್ನು ಬಳಸುತ್ತಾರೆ. ಅಲುಗಾಡುವ ಸಿಹಿಗಳಲ್ಲಿ ಪ್ರಾಣಿಜನ್ಯ ಜೆಲಟಿನ್ ಇರಬಹುದು. ಕೇಕು, ಕಸ್ಟರ್ಡುಗಳಲ್ಲಿ ಮೊಟ್ಟೆಯಿರುತ್ತದೆ. ಆದುದರಿಂದ ‘ಶಾಕಾಹಾರಿ’ ಎಂಬ ಒಂದೇ ಮಾತಿನಿಂದ ಕೆಲಸ ಸಾಗದು. ಬೇಡದ್ದನ್ನು ಒಂದೊಂದಾಗಿ ಹೆಸರಿಸಿ ಹೇಳಬೇಕು.

ಎದುರುಬದುರು

ಸೇನ್ ನದಿಯ ಎಡದಂಡೆಯ ಓಣಿಯೊಂದರಲ್ಲಿದ್ದ ಚಿಕ್ಕ ಭೋಜನಗೃಹಕ್ಕೆ ಸಂಜೆ ಏಳೂವರೆಗೆ ನಾವು ಹೋದೆವು. ಅಲ್ಲಿ ಅಡುಗೆಯವರು ಕಾಣುವುದಿಲ್ಲ. ಕಾಣುವವರು ನಮ್ಮ ಎದುರಿಗೆ ಕುಳಿತವರು. ಟೋಕಿಯೊದಲ್ಲಿ ಗಂಡಹೆಂಡಿರು ಅಕ್ಕಪಕ್ಕದಲ್ಲಿ ಕುಳಿತು ಮೂರನೆಯವರ ಕೈಗಳನ್ನು ನೋಡುತ್ತಿದ್ದರೆ, ಇಲ್ಲಿ ಒಬ್ಬರ ಮುಖವನ್ನು ಒಬ್ಬರು ನೋಡುತ್ತ ಎರಡು ತಾಸು ಕಳೆಯಬೇಕು. ಮದುವೆಯಾದಂದಿನಿಂದ ನಾವಿಬ್ಬರೂ ಎದುರುಬದುರಾಗಿ ಕುಳಿತು, ನಡುವೆ ಯಾರೂ ಏಳದೆ, ಒಂದು ಊಟವನ್ನು ಆರಂಭದಿಂದ ಕೊನೆಯವರೆಗೆ ಉಂಡದ್ದು ಅಂದೇ ಮೊದಲು.

ಇಬ್ಬರಿಗೂ ಒಂದೊಂದು ಪಟ್ಟಿ ಕೊಟ್ಟರು. ಹಿಂದೆ ಕೆಲವು ಶ್ರೀಮಂತ ಭೋಜನಗೃಹಗಳಲ್ಲಿ ಹೆಂಗಸರಿಗೆ ಬೆಲೆಯಿಲ್ಲದ ಪಟ್ಟಿಯನ್ನು ಕೊಡುವ ರೂಢಿಯಿತ್ತಂತೆ. ಹಣದ ಚಿಂತೆ ಗಂಡಸಿನದು ಎಂಬ ಭಾವನೆ. ನಮ್ಮ ಮನೆಯವರ ಪಟ್ಟಿಯಲ್ಲಿ ಬೆಲೆಯಿತ್ತು. ಅವರು ಅದನ್ನು ನಮಗಿಂತ ಎಚ್ಚರದಿಂದ ಓದಿದರು. ಪಟ್ಟಿಯಲ್ಲಿದ್ದ ಕುಂಬಳಕಾಯಿಯ ಸೂಪನ್ನು ತೋರಿಸಿ, ಬಡಿಸುವ ತರುಣನು ‘ಬರೀ ಕಾಯಿಪಲ್ಯ’ ಎಂದು ಇಂಗ್ಲಿಷಿನಲ್ಲಿ ಹೇಳಿದನು. ‘ಕಟ್ಟು ಯಾವುದರದು ಅಂತ ಕೇಳ್ರಿ’ ಎಂದರು ಅವರು. ನಾವು ಕೇಳಿದೆವು. ಆತನು ಒಳಗೆ ಹೋಗಿ ವಿಚಾರಿಸಿ ಬಂದು, ಕೋಳಿಯದೆಂದು ತಿಳಿಸಿ, ಕ್ಷಮೆ ಕೋರಿ, ಬದಲಿಗೆ ಬೇಯಿಸಿದ ಲೀಕ್ ಗಡ್ಡೆಗೆ ಎಣ್ಣೆ, ಸಾಸಿವೆ, ಹುಳಿ ಹಾಕಿದ ತಂಪು ಪದಾರ್ಥವನ್ನು ಸೂಚಿಸಿದನು. ಅನಂತರ ಬಂದದ್ದು ಪ್ರೊವಾನ್ಸ್ ಸೀಮೆಯ ‘ರಾತಾತುಯಿ’. ಬದನೆ, ಟೊಮೆಟೊ, ದೊಣ್ಣೆಮೆಣಸು, ಸೌತೆಯಂಥ ಕಾಯಿಗಳನ್ನು ಆಲಿವ್ ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿದ ಪಲ್ಯ. ಖಾರವೊಂದನ್ನು ಬಿಟ್ಟರೆ ನಮ್ಮ ನಾಲಿಗೆಗೆ ಅಪರಿಚಿತವಲ್ಲ. ಕೊನೆಗೆ ಸಕ್ಕರೆಯ ಪಾಕದಲ್ಲಿ ಬೇಯಿಸಿದ ಪೇರ್ ಹಣ್ಣು.

ಮೇಜಿನಲ್ಲಿರುವ ಎಲ್ಲರಿಗೂ ಒಮ್ಮೆಗೇ ಬಡಿಸುವುದು, ಎಲ್ಲರಿಗೂ ಬಡಿಸಿದ ಮೇಲೆಯೇ ಉಣ್ಣತೊಡಗುವುದು, ಎಲ್ಲರೂ ಮುಗಿಸಿದ ಮೇಲೆಯೇ ತಟ್ಟೆ ತೆಗೆಯುವುದು ಅಲ್ಲಿನ ಶಿಷ್ಟಾಚಾರ. ತಟ್ಟೆ ಇಡುವಾಗ ಹೆಂಗಸರಿಗೆ ಮೊದಲು. ಮಠದ ಪ್ರಸಾದ ನಿಲಯದ ಪಂಕ್ತಿಯಲ್ಲಿ ಬೆಳೆದ ನಮಗೆ ‘ಎಲ್ಲರಿಗೂ ಬಡಿಸಿದ ಮೇಲೆ’ ಎಂಬ ನಿಯಮ ಹೊಸದೆನಿಸಲಿಲ್ಲ. ಆ ಪಂಕ್ತಿಯಲ್ಲಿ ಹೆಂಗಸೊಬ್ಬರು ಮೊದಲಿಗರಾಗುವುದು ಹೊಸದೆನಿಸಿತು.

ಪಕ್ಕದ ಮೇಜಿನಲ್ಲಿ ನಮಗಿಂತ ಹಿರಿಯರಾದ ದಂಪತಿಗಳಿದ್ದರು. ಒಂದೇ ಸಿಹಿಯನ್ನು ತರಿಸಿ, ಎರಡು ಚಮಚ ಹಿಡಿದು, ಇಬ್ಬರೂ ಒಂದೇ ತಟ್ಟೆಯಿಂದ ತಿಂದರು. ಎಂಜಲಿನ ವಿಚಾರದಲ್ಲಿ ನಮ್ಮ ಹಳೆಯ ಮನೆಗಳ ಕಟ್ಟಳೆ ಬಿಗಿಯಾದದ್ದು. ಗಂಡ ಉಂಡ ಎಲೆಯಲ್ಲಿಯೇ ಹೆಂಡತಿ ಉಣ್ಣುವ ರೂಢಿ ಅನೇಕ ಕಡೆ ಇತ್ತು. ಹೆಂಡತಿಯ ಎಲೆಯಿಂದ ಗಂಡ ಉಂಡನೆಂಬುದನ್ನು ಮಾತ್ರ ಕೇಳಿದವರಿಲ್ಲ. ಆ ತಟ್ಟೆಯಲ್ಲಿ ಚಮಚಗಳು ಎರಡೂ ದಿಕ್ಕಿನಿಂದ ಬರುತ್ತಿದ್ದವು.

ಫ್ರಾನ್ಸಿನಲ್ಲಿಯೂ ಕಾಲ ಬದಲಾಗುತ್ತಿದೆ. ಪ್ಯಾರಿಸ್ಸಿನ ‘ಆರ್ಪೇಜ್’ ಎಂಬ ಪ್ರಖ್ಯಾತ ಭೋಜನಗೃಹದ ಅಲೆಂ ಪಸ್ಸಾರ್ ೨೦೦೧ರಲ್ಲಿ ಕೆಂಪು ಮಾಂಸವನ್ನು ಕೈಬಿಟ್ಟು, ೨೦೨೫ರ ಜುಲೈ ತಿಂಗಳಿನಿಂದ ಜೇನುತುಪ್ಪವೊಂದನ್ನುಳಿದು ಪೂರ್ಣ ಸಸ್ಯಜನ್ಯ ಭೋಜನವನ್ನೇ ಬಡಿಸತೊಡಗಿದರು. ಅಲ್ಲಿನ ದರ ನಮ್ಮಂಥವರಿಗೆ ನಿಲುಕುವಂಥದಲ್ಲ. ಆದರೂ ಮಾಂಸದ ಕಟ್ಟಿನಿಂದ ಹೆಸರು ಪಡೆದ ವ್ಯವಸ್ಥೆಯ ತವರಿನಲ್ಲಿ, ಹಾಗೆ ಅಡುಗೆ ಮಾಡಿಯೂ ಕೀರ್ತಿ ಉಳಿಸಿಕೊಳ್ಳಬಹುದೆಂದು ಆ ಬಾಣಸಿಗರು ನಂಬಿರುವುದು ಸಣ್ಣ ಸಂಗತಿಯಲ್ಲ.

ಬಂಧುಗಳಲ್ಲಿ ಬಿನ್ನಹ

ಹೋಗುವವರು ಆ ನಾಡಿನ ಭಾಷೆಯಲ್ಲಿಯೇ ಬರೆಸಿದ ಚೀಟಿಯನ್ನು ಒಯ್ಯಲಿ. ಒಂದು ದಿನ ಮುಂಚಿತವಾಗಿ ತಿಳಿಸಲಿ. ಒಲ್ಲೆನೆಂದವರ ಮೇಲೆ ಮುನಿಯದಿರಲಿ. ಕಟ್ಟನ್ನು ಕೇಳುವುದಕ್ಕೆ ಸಂಕೋಚ ಬೇಡ. ವಿನಯದಿಂದ ಕೇಳಿದ ಪ್ರಶ್ನೆಗೆ ಎರಡು ನಗರಗಳಲ್ಲಿಯೂ ಸತ್ಯವಾದ ಉತ್ತರವೇ ನಮಗೆ ದೊರೆಯಿತು. ನೇಮವುಳ್ಳವರನ್ನು ಕಂಡು ಅಲ್ಲಿನವರು ನಕ್ಕುದಿಲ್ಲ; ನೇಮವೇನೆಂದು ಸ್ಪಷ್ಟವಾಗಿ ಹೇಳಬೇಕೆಂದು ಬಯಸಿದರು, ಅಷ್ಟೇ.

ಇನ್ನೊಂದು ಮಾತು ಪರದೇಶಕ್ಕೆ ಹೋಗದವರಿಗೂ ಸಲ್ಲುತ್ತದೆ. ನಮ್ಮ ಮದುವೆ, ಜಾತ್ರೆ, ಗೃಹಪ್ರವೇಶಗಳಲ್ಲಿ ಅಡುಗೆಗೆ ನಿಂತ ಹೆಣ್ಣುಮಕ್ಕಳು ಕಟ್ಟಕಡೆಯ ಪಂಕ್ತಿಗೆ ಕುಳಿತುಕೊಳ್ಳುವಾಗ ಹೋಳಿಗೆ ತಣ್ಣಗಾಗಿರುತ್ತದೆ, ಪಲ್ಯದ ಪಾತ್ರೆ ತಳ ಕಂಡಿರುತ್ತದೆ. ದಾಸೋಹವೆಂದರೆ ಬಂದವರೆಲ್ಲರಿಗೂ ಸಮನಾಗಿ ಬಡಿಸುವುದು ಎಂದು ನಾವು ವೇದಿಕೆಗಳಲ್ಲಿ ಹೇಳುತ್ತ ಬಂದಿದ್ದೇವೆ. ಬಡಿಸುವವರೂ ಆ ‘ಎಲ್ಲರಲ್ಲಿ’ ಸೇರುತ್ತಾರೆ. ಮನೆಯಲ್ಲಿ ಪಾತ್ರೆಗಳನ್ನು ನಡುವೆ ಇಟ್ಟುಕೊಂಡು ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳುವುದಕ್ಕೆ ವಿಮಾನದ ಟಿಕೇಟು ಬೇಕಿಲ್ಲ.

ಊರಿಗೆ ಬಂದ ಮೇಲೆ ನೆರೆಹೊರೆಯ ಹೆಣ್ಣುಮಕ್ಕಳು ಸುಶಿ ಹೇಗಿತ್ತೆಂದು ನಮ್ಮ ಮನೆಯವರನ್ನು ಕೇಳಿದರು. ‘ಹುಳಿ ಅನ್ನನ ಅದು, ಬ್ಯಾರೇ ಏನಲ್ಲ. ಆದರ ಅವತ್ತ ನನ್ನ ಪಾಲು ಯಾರಿಗೂ ಕಾಯದ ಬಂತು’ ಎಂದು ಅವರು ಹೇಳಿದ್ದನ್ನು ಹೊರಗಿನ ಪಡಸಾಲೆಯಲ್ಲಿ ಕುಳಿತಿದ್ದ ನಾವು ಕೇಳಿದೆವು. ಈಗ ನಮ್ಮ ಮನೆಯಲ್ಲಿ ರಾತ್ರಿಯ ಊಟಕ್ಕೆ ಎರಡು ತಾಟುಗಳನ್ನು ಜೊತೆಯಾಗಿಯೇ ಹಾಕುತ್ತೇವೆ; ರೊಟ್ಟಿಯ ಬುಟ್ಟಿ ನಡುವೆ ಇರುತ್ತದೆ.